ಹುಡುಕುವುದನ್ನು ಕಲಿಸಿದ ಮೇಷ್ಟ್ರು

ಕಳೆದ ವರ್ಷ ಶ್ರಾವಣದ ಒಂದು ಮಧ್ಯಾಹ್ನ ನಮ್ಮ ಅತ್ತೆಯವರು ನನ್ನ ಮುಂದೆ ಒಂದು ಬೇಡಿಕೆ ಇಟ್ಟರು. ಅವರಿಗೆ ಈಗ ಎಂಬತ್ತೇಳು. ಮೈಸೂರಿನ ಹುಡುಗಿಯಾಗಿ ಮದುವೆಯಾಗಿ ಚೆನ್ನೈಗೆ ಬಂದು ಅರವತ್ತು ವರ್ಷ ದಾಟಿದೆ. ಎರಡು ವರ್ಷದಿಂದ ಕಣ್ಣು ಮಸುಕು, ಪತ್ರಿಕೆಯ ದಪ್ಪಕ್ಷರಗಳೂ ಕಾಣುವುದಿಲ್ಲ. ಅವರು ಕೇಳಿದ್ದು ಒಡವೆಯಲ್ಲ, ತೀರ್ಥಯಾತ್ರೆಯೂ ಅಲ್ಲ, ಒಂದು ಹಳೆಯ ಕಾದಂಬರಿ. ನಂಜನಗೂಡು ತಿರುಮಲಾಂಬ ಅವರು ಬರೆದ ಸುಶೀಲೆ.

ಅತ್ತೆಯ ತಾಯಿ ಅಡುಗೆಮನೆ ಕೆಲಸ ಮುಗಿಸಿ, ಗಂಡಸರೆಲ್ಲ ಮಲಗಿದ ಹೊತ್ತಿನಲ್ಲಿ ಆ ಪುಸ್ತಕವನ್ನು ಮಗಳಿಗೆ ಓದಿ ಹೇಳುತ್ತಿದ್ದರಂತೆ. ಅರ್ಧ ಕಥೆ ಆಗುವಷ್ಟರಲ್ಲಿ ತಾಯಿ ಜ್ವರ ಬಂದು ತೀರಿಕೊಂಡರು. ಪುಸ್ತಕ ಎಲ್ಲಿ ಹೋಯಿತೋ ಗೊತ್ತಿಲ್ಲ. ಉಳಿದರ್ಧ ಕೇಳಬೇಕೆಂಬ ಆಸೆ ಎಪ್ಪತ್ತೈದು ವರ್ಷಗಳಿಂದ ಹಾಗೇ ಉಳಿದಿದೆ. ಇನ್ನು ಹೆಚ್ಚು ದಿನ ಇರುವುದಿಲ್ಲವಲ್ಲ, ಸಿಕ್ಕರೆ ಓದಿ ಹೇಳು ಎಂದರು. ನನಗೆ ಗಂಟಲು ಕಟ್ಟಿತು.

ತಿರುಮಲಾಂಬ 1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು, ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. ಸತೀಹಿತೈಷಿಣಿ ಗ್ರಂಥಮಾಲೆ ನಡೆಸಿ, ಕರ್ನಾಟಕ ನಂದಿನಿ ಪತ್ರಿಕೆ ಹೊರಡಿಸಿದವರು. ಸುಶೀಲೆ ಬಂದದ್ದು 1913ರಲ್ಲಿ. ಅವರು ಕೊನೆಗಾಲದಲ್ಲಿ ನಮ್ಮ ಚೆನ್ನೈನಲ್ಲೇ ಇದ್ದು 1982ರಲ್ಲಿ ತೀರಿಕೊಂಡರು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಸರಿ, ಕಂಪ್ಯೂಟರ್ ಮುಂದೆ ಕೂತೆ. ಒಂದು ದೊಡ್ಡ ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗ್ ತೆರೆದು, ಊರು, ಲೇಖಕಿಯ ಹೆಸರು, ಪುಸ್ತಕದ ಹೆಸರು, ಕಾದಂಬರಿ ಎಂಬ ಪದ, ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಒತ್ತಿದೆ. ಫಲಿತಾಂಶ ಸೊನ್ನೆ. ಸುಶೀಲಾ ಎಂದಷ್ಟೇ ಕೊಟ್ಟರೆ ಆ ಹೆಸರಿನ ಲೇಖಕಿಯರು ಸಾಲುಸಾಲಾಗಿ ಬಂದರು, ನನಗೆ ಬೇಕಾದವರು ಮಾತ್ರ ಇಲ್ಲ. ಮೂರು ದಿನ ಹೀಗೇ ಕಳೆಯಿತು. ಪುಸ್ತಕ ಎಲ್ಲೂ ಇಲ್ಲ ಎಂದು ಅತ್ತೆಗೆ ಹೇಳಿಬಿಡೋಣ ಎಂದುಕೊಂಡೆ.

ಕೊನೆಗೆ ಇಲ್ಲಿನ ಒಂದು ಗ್ರಂಥಾಲಯಕ್ಕೇ ಹೋಗಿ ವಿಚಾರಿಸಿದೆ. ಅಲ್ಲಿನ ತಮಿಳು ಹೆಣ್ಣುಮಗಳು ನನ್ನ ಪರದಾಟ ಕೇಳಿ ನಕ್ಕಳು. ಸೊನ್ನೆ ಬಂತು ಎಂದರೆ ಪುಸ್ತಕ ಇಲ್ಲ ಎಂದಲ್ಲ, ಕೇಳಿದ ರೀತಿ ಸರಿಯಿಲ್ಲ ಎಂದರ್ಥ ಎಂದಳು. ಗೋಡೆಯ ಮೇಲಿದ್ದ ಕನ್ನಡಕದ ಹಿರಿಯರೊಬ್ಬರ ಪಟ ತೋರಿಸಿ, ಇವರನ್ನು ತಿಳಿದುಕೊಂಡರೆ ಹುಡುಕುವುದು ತಾನಾಗಿ ಬರುತ್ತದೆ ಎಂದಳು. ಅದು ಎಸ್. ಆರ್. ರಂಗನಾಥನ್ ಅವರ ಪಟ. ಹೆಸರು ಕೇಳಿದ್ದೆ, ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹುಡುಕಾಟವೂ ಓದೂ ಜೊತೆಜೊತೆಯಾಗಿ ಸಾಗಿದವು.

ಶಿಯಾಳಿ ರಾಮಾಮೃತ ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಈಗಿನ ಸೀರ್ಕಾಳಿ. ತಂದೆ ರಾಮಾಮೃತ ಅಯ್ಯರ್ ನೆರೆಹೊರೆಯವರಿಗೆ ರಾಮಾಯಣ ಹೇಳುತ್ತಿದ್ದ ಜನ. ಮಗನಿಗೆ ಆರು ವರ್ಷವಾದಾಗಲೇ ತೀರಿಹೋದರು. ತಾಯಿ ಸೀತಾಲಕ್ಷ್ಮಿ. ಹುಡುಗನಿಗೆ ಮಾತಿನಲ್ಲಿ ತೊದಲು, ಆರೋಗ್ಯವೂ ಅಷ್ಟಕ್ಕಷ್ಟೆ. ಆದರೂ ಓದಿನಲ್ಲಿ ಮುಂದೆ. ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿ 1916ರಲ್ಲಿ ಎಂ.ಎ. ಮುಗಿಸಿದರು. ಅಲ್ಲಿ ಎಡ್ವರ್ಡ್ ರಾಸ್ ಎಂಬ ಗಣಿತದ ಪ್ರಾಧ್ಯಾಪಕರು ಜೀವನಪೂರ್ತಿ ಗುರುವಾಗಿ ದೊರೆತರು.

1917ರಲ್ಲಿ ಅವರಿಗೆ ಮೊದಲ ಅಧ್ಯಾಪಕ ಕೆಲಸ ಸಿಕ್ಕಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತಲ್ಲವೇ. ಇದನ್ನು ಓದಿದಾಗ ನನಗಂತೂ ಊರಿನವರೊಬ್ಬರು ಸಿಕ್ಕಿದ ಸಂತೋಷವಾಯಿತು. ಆಮೇಲೆ ಕೊಯಮತ್ತೂರು, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ತೊದಲನ್ನು ಗೆದ್ದು ಒಳ್ಳೆಯ ಮೇಷ್ಟ್ರು ಎನಿಸಿಕೊಂಡರು. ಪಾಠ ಹೇಳುವುದೆಂದರೆ ಪ್ರಾಣ. ಗ್ರಂಥಾಲಯದ ಕಡೆ ಮನಸ್ಸೇ ಇರಲಿಲ್ಲ.

ಆ ಕಾಲಕ್ಕೆ ಮದರಾಸು ವಿಶ್ವವಿದ್ಯಾಲಯ ಮೊದಲ ಬಾರಿಗೆ ಗ್ರಂಥಪಾಲಕರ ಹುದ್ದೆ ಮಾಡಿತು. ಅರ್ಜಿ ಹಾಕಿದ ಸುಮಾರು 900 ಜನರಲ್ಲಿ ಆ ವಿದ್ಯೆ ಕಲಿತವರು ಒಬ್ಬರೂ ಇಲ್ಲ. ಮೇಷ್ಟ್ರ ಸಂಬಳದಲ್ಲಿ ಸಂಸಾರ ತೂಗುವುದು ಕಷ್ಟವಾಗಿದ್ದರಿಂದ ರಂಗನಾಥನ್ ಕೂಡ ಅರ್ಜಿ ಹಾಕಿದ್ದರು. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದರು. ಸೇರಿದ ಕೆಲವೇ ದಿನಗಳಲ್ಲಿ ಉಸಿರುಗಟ್ಟಿತು. ಮಕ್ಕಳಿಲ್ಲದ, ಮಾತಿಲ್ಲದ ಆ ಕೋಣೆ ಜೈಲಿನಂತೆ ಕಂಡು, ಹಳೆಯ ಕೆಲಸಕ್ಕೇ ಹೋಗುತ್ತೇನೆಂದು ಮೇಲಿನವರ ಬಳಿ ಓಡಿದರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬಾ, ಆಮೇಲೂ ಬೇಡವೆನಿಸಿದರೆ ಪಾಠಕ್ಕೆ ಮರಳಬಹುದು ಎಂದು ಅವರನ್ನು ಒಪ್ಪಿಸಿದರು. ಅಂದು ಅವರು ಹಟ ಹಿಡಿದು ಹೊರಟುಬಿಟ್ಟಿದ್ದರೆ ನಮ್ಮ ದೇಶದ ಗ್ರಂಥಾಲಯಗಳ ಕಥೆಯೇ ಬೇರೆಯಾಗುತ್ತಿತ್ತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಎಂಬುವರು ಪುಸ್ತಕ ವರ್ಗೀಕರಣದ ಗುರು. ಅವರ ಸಲಹೆಯಂತೆ ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿದರು. ಕೂಲಿಕಾರರು, ಗೃಹಿಣಿಯರು, ಮಕ್ಕಳು, ಎಲ್ಲರೂ ಪುಸ್ತಕ ಎರವಲು ಪಡೆಯುವುದನ್ನು ಕಂಡರು. ನಮ್ಮಲ್ಲೋ ಪುಸ್ತಕವೆಂದರೆ ಬೀಗ ಹಾಕಿಡುವ ಆಸ್ತಿ. ಆದರೆ ಅಲ್ಲೂ ಒಂದು ಕೊರತೆ ಅವರ ಗಣಿತದ ಕಣ್ಣಿಗೆ ಬಿತ್ತು. ಅಲ್ಲಿನ ವರ್ಗೀಕರಣದಲ್ಲಿ ವಿಷಯಗಳ ಪಟ್ಟಿ ಮೊದಲೇ ಸಿದ್ಧ. ಹೊಸ ವಿಷಯವೊಂದು ಬಂದರೆ, ಎರಡು ಮೂರು ವಿಷಯ ಸೇರಿದ ಪುಸ್ತಕ ಬಂದರೆ, ಅದನ್ನು ಎಲ್ಲಿಡಬೇಕೆಂಬುದೇ ತೊಡಕು.

ಉತ್ತರ ಸಿಕ್ಕಿದ್ದು ಒಂದು ಅಂಗಡಿಯಲ್ಲಿ. ಸೆಲ್‌ಫ್ರಿಜಸ್ ಎಂಬ ದೊಡ್ಡ ಮಳಿಗೆಯಲ್ಲಿ ಮೆಕ್ಯಾನೊ ಎಂಬ ಆಟಿಕೆ ಮಾರುತ್ತಿದ್ದರು. ಅವೇ ಪಟ್ಟಿ, ಅವೇ ಚಕ್ರ, ಅವೇ ನಟ್ಟು ಬೋಲ್ಟು. ಜೋಡಿಸುವ ರೀತಿ ಬದಲಾದರೆ ಒಮ್ಮೆ ಸೇತುವೆ, ಒಮ್ಮೆ ಕ್ರೇನು, ಇನ್ನೊಮ್ಮೆ ಬಂಡಿ. ವಿಷಯವನ್ನೂ ಹೀಗೆ ಬಿಡಿಭಾಗಗಳಾಗಿ ಬಿಡಿಸಿಟ್ಟು, ಪುಸ್ತಕಕ್ಕೆ ತಕ್ಕಂತೆ ಜೋಡಿಸಬಾರದೇಕೆ ಎಂದು ಅವರಿಗೆ ಹೊಳೆಯಿತು. ಭಾಗಗಳ ನಡುವೆ ದ್ವಿಬಿಂದು ಹಾಕಿದರು. ಹಾಗಾಗಿ ಅದಕ್ಕೆ ಕೋಲನ್ ವರ್ಗೀಕರಣ, ದ್ವಿಬಿಂದು ವರ್ಗೀಕರಣ ಎಂಬ ಹೆಸರು. 1925ರಲ್ಲಿ ಮದರಾಸಿಗೆ ಮರಳಿ ತಮ್ಮ ಗ್ರಂಥಾಲಯದ ಪುಸ್ತಕಗಳನ್ನು ಆ ರೀತಿ ಜೋಡಿಸತೊಡಗಿದರು. ಪುಸ್ತಕರೂಪದಲ್ಲಿ ಅದು ಬಂದದ್ದು 1933ರಲ್ಲಿ.

ಮುಂದೆ ಅದನ್ನು ಬೆಳೆಸುತ್ತಾ ಯಾವ ವಿಷಯವನ್ನಾದರೂ ಐದು ಮುಖಗಳಲ್ಲಿ ನೋಡಬಹುದೆಂದು ತೋರಿಸಿದರು. ಮುಖ್ಯ ಸಂಗತಿ ಯಾವುದು, ಯಾವ ವಸ್ತುವಿನಿಂದ ಆದದ್ದು, ಏನು ಕ್ರಿಯೆ, ಎಲ್ಲಿ, ಯಾವಾಗ. ನಮ್ಮ ಹೆಂಗಸರ ಲೆಕ್ಕದಲ್ಲಿ ಹೇಳುವುದಾದರೆ ಇಳಕಲ್ ಸೀರೆಯ ನೇಯ್ಗೆಯ ಬಗ್ಗೆ ಪುಸ್ತಕ ಬೇಕು ಎನ್ನೋಣ. ಸೀರೆ ಮುಖ್ಯ ಸಂಗತಿ, ಹತ್ತಿ ರೇಷ್ಮೆ ವಸ್ತು, ನೇಯ್ಗೆ ಕ್ರಿಯೆ, ಇಳಕಲ್ ಜಾಗ, ಇಪ್ಪತ್ತನೆಯ ಶತಮಾನ ಕಾಲ. ಇಷ್ಟನ್ನೂ ವಾಕ್ಯ ಮಾಡಿ ಕ್ಯಾಟಲಾಗಿಗೆ ಕೊಟ್ಟರೆ, ಎಲ್ಲ ಪದಗಳೂ ಒಂದೇ ದಾಖಲೆಯಲ್ಲಿರಬೇಕೆಂದು ಅದು ಹುಡುಕಿ ಸೊನ್ನೆ ತೋರಿಸುತ್ತದೆ. ಸೀರೆ ಮತ್ತು ನೇಯ್ಗೆ ಎಂದು ಎರಡೇ ಪದ ಕೊಟ್ಟು, ಬಂದದ್ದನ್ನು ಆಮೇಲೆ ಭಾಷೆ, ಜಾಗ, ವರ್ಷ ಎಂದು ಸೋಸಬೇಕು. ಕ್ಯಾಟಲಾಗಿನ ಪಕ್ಕದಲ್ಲಿ ಭಾಷೆ, ಲೇಖಕರು, ವಿಷಯ, ವರ್ಷ ಎಂದು ಆಯ್ಕೆಗಳ ಪಟ್ಟಿ ಇರುತ್ತದಲ್ಲ, ಅದನ್ನು ಫ್ಯಾಸೆಟ್ ಎನ್ನುತ್ತಾರೆ. ಗ್ರಂಥಾಲಯ ಶಾಸ್ತ್ರದಲ್ಲಿ ಆ ವಿಚಾರವನ್ನು ಗಟ್ಟಿಯಾಗಿ ನಿಲ್ಲಿಸಿದವರು ಈ ಮೇಷ್ಟ್ರೇ. ಆನ್‌ಲೈನ್ ಅಂಗಡಿಯಲ್ಲಿ ಬಣ್ಣ, ಬೆಲೆ, ಅಳತೆ ಎಂದು ಕುರ್ತಾ ಸೋಸುವಾಗಲೂ ನಾವು ಮಾಡುವುದು ಅದನ್ನೇ.

ನನ್ನ ಮೊದಲ ತಪ್ಪು ನನಗೆ ತಿಳಿಯಿತು. ಊರು, ಹೆಸರು, ಪ್ರಕಾರ ಎಲ್ಲ ತುಂಬಿ ಬಾಗಿಲನ್ನು ನಾನೇ ಮುಚ್ಚಿಕೊಂಡಿದ್ದೆ.

ಮರಳಿ ಬಂದ ರಂಗನಾಥನ್ ಪಾಠದ ಕೆಲಸದ ಮಾತೇ ಎತ್ತಲಿಲ್ಲ. ಓದುಗರು ನೇರವಾಗಿ ಕಪಾಟಿನ ಬಳಿ ಹೋಗಿ ಪುಸ್ತಕ ಮುಟ್ಟಿ ನೋಡುವಂತೆ ಮಾಡಿದರು, ಗ್ರಂಥಾಲಯ ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಹುಟ್ಟಿತು. ಅದೇ ವರ್ಷ, ಇಷ್ಟೆಲ್ಲ ಕೆಲಸದ ಹಿಂದಿನ ಮೂಲ ತತ್ತ್ವವೇನು ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಮನೆಗೆ ಬಂದ ಗುರು ರಾಸ್, ಮೊದಲ ಸೂತ್ರ ಪುಸ್ತಕ ಇರುವುದು ಬಳಕೆಗಾಗಿ ಎಂದಲ್ಲವೇ ಎಂದು ಸುಳಿವು ಕೊಟ್ಟರಂತೆ. ಉಳಿದ ನಾಲ್ಕು ತಾವಾಗಿ ಬಂದವು. ಪ್ರತಿಯೊಬ್ಬ ಓದುಗರಿಗೂ ಅವರ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು, ಓದುಗರ ಹೊತ್ತು ಉಳಿಯಬೇಕು, ಗ್ರಂಥಾಲಯ ಬೆಳೆಯುವ ಜೀವಿ. ಇಷ್ಟೆ. 1931ರಲ್ಲಿ ಈ ಪಂಚಸೂತ್ರಗಳ ಪುಸ್ತಕ ಬಂತು. ಇಂದಿಗೂ ಜಗತ್ತಿನಾದ್ಯಂತ ಗ್ರಂಥಾಲಯ ಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ.

ಎರಡನೆಯ ಸೂತ್ರದಲ್ಲಿ ಪ್ರತಿಯೊಬ್ಬರು ಎಂದರೆ ನಿಜಕ್ಕೂ ಪ್ರತಿಯೊಬ್ಬರು. ಹೆಂಗಸರು, ಹಳ್ಳಿಯವರು, ಬಡವರು ಎಲ್ಲರೂ ಸೇರಿ. 1931ರಲ್ಲಿ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೋಗುವ ಸಂಚಾರಿ ಗ್ರಂಥಾಲಯ ಹೊರಟದ್ದು ಅವರ ಚಳವಳಿಯ ಫಲವೇ. ಗಂಡಸರು ಮಲಗಿದ ಮೇಲೆ ಪುಸ್ತಕ ತೆರೆಯುತ್ತಿದ್ದ ಅತ್ತೆಯ ತಾಯಿ ಆ ಗಾಡಿ ಕಂಡಿದ್ದರೆ ಎಷ್ಟು ಹಿಗ್ಗುತ್ತಿದ್ದರೋ.

ಅವರ ಮನೆಯ ಕಡೆಯನ್ನೂ ಹೇಳಬೇಕು. ಮದರಾಸು ಸಂಘ ಹುಟ್ಟಿದ ಆ 1928ರಲ್ಲೇ ಪತ್ನಿ ರುಕ್ಮಿಣಿ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಶಾರದಾ ಅವರನ್ನು ಮದುವೆಯಾದರು. ಮೂರು ಹೊತ್ತೂ ಗ್ರಂಥಾಲಯವನ್ನೇ ಉಸಿರಾಡುವವರ ಸಂಸಾರ ನಡೆಸುವುದು ಎಷ್ಟು ಕಷ್ಟವೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ವರ್ಷ ಅವರು ರಜೆಯನ್ನೇ ತೆಗೆದುಕೊಳ್ಳಲಿಲ್ಲವಂತೆ. ಆದರೆ ಒಂದು ಮಾತು. ಬಾಳಿನ ಉಳಿತಾಯ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟು ಗ್ರಂಥಾಲಯ ಶಾಸ್ತ್ರದ ಪೀಠ ಸ್ಥಾಪಿಸಿದಾಗ, ಅದಕ್ಕೆ ಹೆಂಡತಿಯ ಹೆಸರು ಸೇರಿಸಿದರು. 1961ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದತ್ತಿಯೂ ಶಾರದಾ ಹೆಸರಿನಲ್ಲೇ. ಆ ಹಣವನ್ನು ಬಿಟ್ಟುಕೊಡಲು ಮನಸ್ಸು ಮಾಡಿದವರಲ್ಲಿ ಶಾರದಾ ಅವರೂ ಒಬ್ಬರಲ್ಲವೇ.

1934ರಲ್ಲಿ ರಂಗನಾಥನ್ ಕ್ಯಾಟಲಾಗ್ ಮಾಡುವ ನಿಯಮಗಳ ಪುಸ್ತಕವನ್ನೇ ಬರೆದರು. ನನ್ನ ಕಷ್ಟಕ್ಕೆ ಮದ್ದು ಇದ್ದದ್ದು ಇಲ್ಲಿ. ಪಾಶ್ಚಾತ್ಯರ ಹೆಸರಿನಲ್ಲಿ ಮನೆತನದ ಹೆಸರು ಕೊನೆಗೆ ಬರುತ್ತದೆ. ನಮ್ಮ ಹೆಸರುಗಳಲ್ಲಿ ಊರು ಮೊದಲು, ತಂದೆಯ ಹೆಸರು ನಡುವೆ, ಇನಿಷಿಯಲ್ ಬೇರೆ. ಯಾವ ಪದದ ಕೆಳಗೆ ಲೇಖಕರನ್ನು ನಮೂದಿಸಬೇಕು ಎಂಬುದನ್ನು ಅವರು ಆಳವಾಗಿ ಯೋಚಿಸಿದರು. ಒಬ್ಬರಿಗೆ ಹಲವು ಹೆಸರಿದ್ದರೆ ಒಂದನ್ನು ಮುಖ್ಯವಾಗಿಟ್ಟು, ಉಳಿದ ಹೆಸರುಗಳಿಂದ ಅಲ್ಲಿಗೆ ದಾರಿ ತೋರಿಸಬೇಕು.

ಇದನ್ನು ತಿಳಿದ ಮೇಲೆ ನಾನು ನಂಜನಗೂಡನ್ನು ಕೈಬಿಟ್ಟೆ. ಲೇಖಕಿಯ ಹೆಸರಷ್ಟನ್ನೇ, ಲೇಖಕರು ಎಂಬ ಪೆಟ್ಟಿಗೆಯಲ್ಲೇ ಹಾಕಿದೆ. ಇಲ್ಲೂ ಒಂದು ಗುಟ್ಟಿದೆ. ಅನೇಕ ದೊಡ್ಡ ಗ್ರಂಥಾಲಯಗಳು ಕನ್ನಡ ಪುಸ್ತಕವನ್ನು ಕನ್ನಡ ಲಿಪಿಯಲ್ಲಿ ನಮೂದಿಸಿರುವುದಿಲ್ಲ. ರೋಮನ್ ಲಿಪಿಯಲ್ಲಿ ಒಂದು ನಿಯಮದ ಪ್ರಕಾರ ಬರೆದಿರುತ್ತಾರೆ. ಅಲ್ಲಿ ತ ಅಕ್ಷರಕ್ಕೆ ಬರಿಯ ಟಿ, ನಾವು ಬರೆಯುವ ಹಾಗೆ ಟಿ ಎಚ್ ಅಲ್ಲ. ಶ ಅಕ್ಷರಕ್ಕೆ ಮೇಲೊಂದು ಗೀಟಿರುವ ಎಸ್, ಎಸ್ ಎಚ್ ಅಲ್ಲ. ದೀರ್ಘಕ್ಕೆ ಮೇಲೆ ಅಡ್ಡಗೆರೆ, ಎರಡು ಇ ಅಲ್ಲ. ಗೀಟು ಗೆರೆಗಳನ್ನು ಬಿಟ್ಟು ಸಾದಾ ಅಕ್ಷರ ಹಾಕಿದರೂ ಸಾಮಾನ್ಯವಾಗಿ ನಡೆಯುತ್ತದೆ. ನಾನು ಟಿ ಎಚ್ ಹಾಕಿ ತಿರುಮಲಾಂಬ ಎಂದೂ, ಎರಡು ಇ ಹಾಕಿ ಸುಶೀಲೆ ಎಂದೂ ಬರೆದದ್ದರಿಂದಲೇ ಯಂತ್ರ ತಲೆಯಾಡಿಸಿತ್ತು. ಹೆಸರಿನ ಕೊನೆ ಅಂಬ, ಅಂಬಾ, ಅಂಬೆ ಎಂದು ಹೇಗಿದೆಯೋ ತಿಳಿಯದಿದ್ದಾಗ, ಖಚಿತವಿರುವಷ್ಟು ಅಕ್ಷರ ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಎಷ್ಟೋ ಕ್ಯಾಟಲಾಗುಗಳು ಎಲ್ಲ ರೂಪಗಳನ್ನೂ ತರುತ್ತವೆ.

ಹಾಗೆ ಮಾಡಿ ಒತ್ತಿದೆ. ಬೆಂಗಳೂರಿನ ಒಂದು ಹಳೆಯ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ತಿರುಮಲಾಂಬ ಕಾಣಿಸಿಕೊಂಡರು. ಅವರ ಹೆಸರಿನ ಮೇಲೆ ಒತ್ತಿದರೆ ಅಲ್ಲಿರುವ ಅವರ ಪುಸ್ತಕಗಳೆಲ್ಲ ಒಟ್ಟಿಗೆ ಬಂದವು. ಅದರಲ್ಲಿ ಸುಶೀಲೆ! ಕೂಗಿದ್ದು ಕೇಳಿ ನಮ್ಮವರು ಓಡಿ ಬಂದರು. ದಾಖಲೆಯ ಕೆಳಭಾಗವನ್ನೂ ಓದಬೇಕೆಂದು ಆ ತಮಿಳು ಹುಡುಗಿ ಹೇಳಿದ್ದಳು. ನೋಡಿದರೆ ಎರಡು ಪ್ರತಿಗಳಿದ್ದವು. ಒಂದು ಅಲ್ಲೇ ಕೂತು ಓದುವಂಥದ್ದು, ಇನ್ನೊಂದು ಎರವಲು ಕೊಡುವಂಥದ್ದು. ಮೊದಲ ಸಾಲನ್ನಷ್ಟೇ ಓದಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ.

ಆ ಪುಸ್ತಕದ ಬೆನ್ನಿನ ಮೇಲೆ 894.814ರಿಂದ ಶುರುವಾಗುವ ಸಂಖ್ಯೆ ಇತ್ತು. ಅದು ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಮನೆನಂಬರು. ಹೆಸರು ನೆನಪಿಲ್ಲದಿದ್ದರೆ ಈ ಸಂಖ್ಯೆ ಕೊಟ್ಟು ಕಪಾಟಿನ ಮುಂದೆ ಅಡ್ಡಾಡಿದಂತೆ ಕ್ಯಾಟಲಾಗಿನಲ್ಲೂ ಅಡ್ಡಾಡಬಹುದು. ತುಂಬ ಹಳೆಯ ಸೂಚಿಗಳಲ್ಲಿ ಕನ್ನಡಕ್ಕೆ ಕೆನರೀಸ್ ಎಂಬ ಹೆಸರಿರುತ್ತದೆ, ಚೆನ್ನೈಗೆ ಮದ್ರಾಸ್ ಇರುವ ಹಾಗೆ. ಹೊಸ ಹೆಸರಿಗೆ ಸಿಗದ್ದು ಹಳೆಯ ಹೆಸರಿಗೆ ಸಿಗಬಹುದು.

ಇನ್ನು ಮೇಷ್ಟ್ರ ಕಥೆಯ ಕೊನೆ ಭಾಗ. 1945ರಲ್ಲಿ ಅವರು ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಹೆಚ್ಚುಕಡಿಮೆ ಒಬ್ಬರೇ ವರ್ಗೀಕರಿಸಿದರು. 1947ರಿಂದ ದೆಹಲಿ ವಿಶ್ವವಿದ್ಯಾಲಯ. 1948ರಲ್ಲಿ ಮದರಾಸಿನಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು, ಇಪ್ಪತ್ತು ವರ್ಷ ಅವರು ಅದಕ್ಕಾಗಿ ಹೋರಾಡಿದ್ದರು. ನಡುವೆ ಕೆಲವು ಕಾಲ ಜ್ಯೂರಿಕ್. 1957ರಲ್ಲಿ ಪದ್ಮಶ್ರೀ. ಕೊನೆಗೆ ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಎಪ್ಪತ್ತು ವಯಸ್ಸಿನಲ್ಲಿ, 1962ರಲ್ಲಿ, ಅಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿಯಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭಿಸಿದರು. ಡಿ.ಆರ್.ಟಿ.ಸಿ. ಎಂದೇ ಅದು ಇಂದಿಗೂ ಹೆಸರುವಾಸಿ. 1965ರಲ್ಲಿ ಕೇಂದ್ರ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ಗೌರವಿಸಿತು. ಮಂಗಳೂರಿನಲ್ಲಿ ಪಾಠ ಶುರುಮಾಡಿದ ಮೇಷ್ಟ್ರು 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಕನ್ನಡ ನೆಲದಲ್ಲಿ ವೃತ್ತಿ ಶುರು, ಕನ್ನಡ ನೆಲದಲ್ಲೇ ಮುಗಿತಾಯ. ಪ್ರತಿ ವರ್ಷ ಆಗಸ್ಟ್ 12ರಂದು ದೇಶ ಅವರ ನೆನಪಿನಲ್ಲಿ ಗ್ರಂಥಪಾಲಕರ ದಿನ ಆಚರಿಸುತ್ತದೆ.

ನಮ್ಮ ಅಕ್ಕನ ಮಗಳು ಬೆಂಗಳೂರಿನ ಆ ಗ್ರಂಥಾಲಯದ ಸದಸ್ಯೆಯಾಗಿ ಪುಸ್ತಕ ಪಡೆದು, ದೀಪಾವಳಿಗೆ ಬರುವಾಗ ಸೀರೆಗಳ ನಡುವೆ ಸುತ್ತಿ ತಂದಳು. ಹಾಳೆ ಮುಟ್ಟಿದರೆ ಮುರಿಯುವಂತಿತ್ತು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿ ನೋಡಿದರು. ಅಂದಿನಿಂದ ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಹತ್ತು ಪುಟ. ಹಳಗಾಲದ ಕನ್ನಡ, ನಾನು ತಡವರಿಸಿದಲ್ಲಿ ಅವರೇ ತಿದ್ದುತ್ತಿದ್ದರು. ಒಂದು ಸಂಜೆ ನನ್ನ ಕೈ ಹಿಡಿದು ನಿಲ್ಲಿಸಿದರು. ಅಮ್ಮ ನಿಲ್ಲಿಸಿದ್ದು ಇಲ್ಲಿಗೇ ಎಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಮುಂದೆ ಓದು ಎಂದರು. ಕಥೆಯ ಕೊನೆ ಏನೆಂದು ಇಲ್ಲಿ ಹೇಳುವುದಿಲ್ಲ, ಅದನ್ನು ನೀವೇ ಹುಡುಕಿ ಓದಬೇಕು. ಅತ್ತೆ ಈಗ ತಿರುಮಲಾಂಬ ಅವರ ಮುಂದಿನ ಪುಸ್ತಕ ಕೇಳುತ್ತಿದ್ದಾರೆ.

ಸ್ನೇಹಿತೆಯರೇ, ಹೊರನಾಡಿನಲ್ಲಿರುವ ನಮಗೆ ಕನ್ನಡ ಪುಸ್ತಕ ಸಿಗುವುದಿಲ್ಲವೆಂದು ನಾವು ಎಷ್ಟು ಸಲ ಗೊಣಗಿಲ್ಲ? ನಿಮ್ಮ ಮನೆಯ ಹಿರಿಯರು ಯಾವ ಪುಸ್ತಕ ನೆನೆಯುತ್ತಾರೆ ಎಂದು ಇಂದೇ ಕೇಳಿ. ಕಡಿಮೆ ಪದ ಕೊಡಿ, ಹೆಸರನ್ನು ನಾಲ್ಕು ರೀತಿ ಬರೆದು ನೋಡಿ, ಸಿಕ್ಕ ಒಂದು ಎಳೆ ಹಿಡಿದು ಮುಂದಕ್ಕೆ ಹೋಗಿ. ಆಗದಿದ್ದರೆ ಗ್ರಂಥಾಲಯದ ಮೇಜಿನ ಹಿಂದೆ ಕೂತವರನ್ನು ಸಂಕೋಚವಿಲ್ಲದೆ ಕೇಳಿ. ನಿಮ್ಮ ಪುಸ್ತಕವೂ ಯಾವುದೋ ಕಪಾಟಿನಲ್ಲಿ ನಿಮಗಾಗಿ ಕಾಯುತ್ತಿರಬಹುದು.